ಪರದೇಶಿಗೆ ಮೊದಲ ನಮಸ್ಕಾರ



ನಮ್ಮ ಕಡೆ ತಂದೆತಾಯಿಗಳನ್ನು ಕಳೆದುಕೊಂಡ ಮಗುವನ್ನು ‘ಪರದೇಶಿ’ ಎನ್ನುವುದುಂಟು. ದಿಕ್ಕುದೆಸೆಯಿಲ್ಲದವನೂ ಪರದೇಶಿಯೇ. ‘ಪಾಪ, ಪರದೇಶಿ ಆದ’ ಎಂದು ಓಣಿಯ ಹಿರಿಯರು ಮರುಗುವುದನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಆ ಶಬ್ದದ ನೇರ ಅರ್ಥ ಬೇರೆ ದೇಶದವನು ಎಂಬುದಷ್ಟೆ. ‘ಗರೀಬ’ ಎಂಬ ಮಾತನ್ನೂ ಹೀಗೆಯೇ ನೋಡಿರಿ. ನಮ್ಮ ಬಾಯಲ್ಲಿ ಅದಕ್ಕೆ ಬಡವ ಎಂಬ ಅರ್ಥ. ಅರಬ್ಬಿಯಲ್ಲಿ ಅದರ ಮೂಲ ಅರ್ಥ ಅಪರಿಚಿತ, ಹೊರನಾಡಿನವನು. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನ್, ಮಧ್ಯ ಏಷ್ಯಾಗಳಿಂದ ದಖನ್ನಿಗೆ ಬಂದು ಆಸ್ಥಾನದಲ್ಲಿ ದೊಡ್ಡ ದೊಡ್ಡ ಹುದ್ದೆಗಳನ್ನು ಹಿಡಿದವರನ್ನು ‘ಗರೀಬ್’ ಎಂದು ಕರೆಯುತ್ತಿದ್ದರು. ಕುದುರೆ, ಆಳು, ಜಹಗೀರು ಎಲ್ಲವೂ ಇದ್ದವರು ಗರೀಬರು! ಬೇರೆ ಬೇರೆ ಮೂಲದ ಈ ಎರಡು ಶಬ್ದಗಳು ‘ಹೊರಗಿನವನು’ ಎಂಬಲ್ಲಿಂದ ಹೊರಟು, ‘ಯಾರೂ ಇಲ್ಲದವನು, ಏನೂ ಇಲ್ಲದವನು’ ಎಂಬಲ್ಲಿಗೆ ಬಂದು ನಿಂತಿವೆ. 34 ವರ್ಷ ಕನ್ನಡ ಪಾಠ ಹೇಳಿದ ನನಗೆ ಇದು ಆಕಸ್ಮಿಕವೆಂದು ತೋರುವುದಿಲ್ಲ. ಕೈಯಲ್ಲಿ ಎಷ್ಟೇ ಹಣವಿರಲಿ, ಮಾತನಾಡಿಸುವವರು ಇಲ್ಲದ ಊರಿನಲ್ಲಿ ಮನುಷ್ಯ ಬಡವನೇ ಎಂಬ ಅನುಭವ ಈ ಶಬ್ದಗಳ ಹೊಟ್ಟೆಯಲ್ಲಿ ಅಡಗಿದೆ.

ಕಳೆದ ಬೇಸಿಗೆಯಲ್ಲಿ ನಾನೂ ನನ್ನ ಶ್ರೀಮತಿಯೂ ಮಗಳ ಮನೆಗೆಂದು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋಗಿ, ಪ್ರವಾಸಿ ವೀಸಾ ಕೊಡುವ 90 ದಿನಗಳನ್ನು ಹೆಚ್ಚುಕಡಿಮೆ ಪೂರ್ತಿ ಕಳೆದು ಬಂದೆವು. ಅಲ್ಲಿ ಕಂಡದ್ದನ್ನು ಬರೆಯಿರಿ ಎಂದು ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಅಲ್ಲಿಯ ಅರಮನೆ, ವಸ್ತುಸಂಗ್ರಹಾಲಯ, ತೋಟಗಳ ವರ್ಣನೆ ನಿಮಗೆ ಬೇರೆಡೆಯೂ ದೊರೆಯುತ್ತದೆ. ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕಿಂತ ಸಣ್ಣ ಸಂಗತಿ. ಅದು ಜನ ಒಬ್ಬರನ್ನೊಬ್ಬರು ಕಂಡಾಗ ಆಡುವ ಮೊದಲ ಮಾತು. ಸಣ್ಣದೆಂದು ಕಂಡರೂ ಅದರಲ್ಲಿ ದೊಡ್ಡ ವಿಷಯವಿದೆ ಎಂದು ನನಗೆ ಅನ್ನಿಸಿದೆ. ಹೊರದೇಶಗಳಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಿಗೂ ಇಲ್ಲಿಯೇ ಉಳಿದಿರುವ ಬಂಧುಗಳಿಗೂ ಈ ವಿಷಯದಲ್ಲಿ ನಾನು ಹೇಳಬೇಕಾದ ಒಂದು ಮಾತಿದೆ.

ಮೊದಲು ನಮ್ಮ ಓಣಿಯಿಂದಲೇ ಆರಂಭಿಸೋಣ. ಬೆಳಿಗ್ಗೆ ಬ್ರಹ್ಮಪುರದ ನನ್ನ ಮನೆಯಿಂದ ಹೊರಟು ಶರಣಬಸವೇಶ್ವರರ ಗುಡಿಯವರೆಗೆ ಹೋಗಿ ಬರುವಷ್ಟರಲ್ಲಿ ಎಷ್ಟು ಬಗೆಯ ನಮಸ್ಕಾರಗಳು ಎದುರಾಗುತ್ತವೆ! ‘ಶರಣ್ರೀ ಸರ’ ಎಂದು ಒಬ್ಬರು, ‘ನಮಸ್ಕಾರ್ರೀ’ ಎಂದು ಇನ್ನೊಬ್ಬರು, ‘ಸಲಾಂ ಮಾಸ್ಟರ್ ಸಾಬ್’ ಎಂದು ಮತ್ತೊಬ್ಬರು. ‘ಜೈ ಭೀಮ್’ ಎನ್ನುವವರಿದ್ದಾರೆ, ‘ರಾಮ್ ರಾಮ್’ ಎನ್ನುವವರಿದ್ದಾರೆ, ತಾಂಡಾದಿಂದ ಬಂದ ಹಳೆಯ ವಿದ್ಯಾರ್ಥಿ ಸಿಕ್ಕರೆ ‘ಜೈ ಸೇವಾಲಾಲ್’ ಎನ್ನುತ್ತಾನೆ. ಯಾರು ಯಾವ ಮಾತಿನಲ್ಲಿ ವಂದಿಸುತ್ತಾರೋ ಅದೇ ಮಾತಿನಲ್ಲಿ ಮರಳಿ ವಂದಿಸುವುದು ಈ ಊರಿನ ಹಳೆಯ ರೂಢಿ. ಯಾರೂ ಇದನ್ನು ಯಾರಿಗೂ ಕಲಿಸಿದ್ದಲ್ಲ. ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು, ಲಂಬಾಣಿ ಇವೆಲ್ಲವೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಊರಿಗೆ ಅದು ತಾನಾಗಿ ಒಲಿದ ಸೌಜನ್ಯ.

ವಂದನೆಯ ಬೆನ್ನಿಗೇ ಪ್ರಶ್ನೆಗಳು ಬರುತ್ತವೆ. ‘ಆರಾಮ ಇದ್ದೀರಿಲ್ಲ?’ ‘ಎಲ್ಲಿಗಿ ಹೊಂಟೀರಿ?’ ‘ಛಾ ಆತೇನ್ರಿ?’ ಮಧ್ಯಾಹ್ನವಾದರೆ ‘ಊಟ ಆತೇನ್ರಿ?’ ಇವು ಉತ್ತರವನ್ನು ಬಯಸುವ ಪ್ರಶ್ನೆಗಳಲ್ಲವೆಂದು ಎಲ್ಲರಿಗೂ ಗೊತ್ತು. ‘ಎಲ್ಲಿಗಿ’ ಎಂದು ಕೇಳಿದವರಿಗೆ ‘ಇಲ್ಲೇ’ ಎಂದರೆ ಸಾಕು, ಇಬ್ಬರಿಗೂ ಸಮಾಧಾನ. ಬೀಳ್ಕೊಡುವಾಗ ‘ಹೋಗುತ್ತೇನೆ’ ಎಂದು ಯಾರೂ ಅನ್ನುವುದಿಲ್ಲ. ‘ಬರ್ತೀನ್ರಿ’ ಎಂದೇ ಅನ್ನಬೇಕು. ಇದಕ್ಕೆಲ್ಲ ಕನ್ನಡದಲ್ಲಿ ಒಂದು ಒಳ್ಳೆಯ ಕ್ರಿಯಾಪದವಿದೆ, ‘ಮಾತನಾಡಿಸು’. ಮಾಡು, ಮಾಡಿಸು, ಓದು, ಓದಿಸು, ಹಾಗೆಯೇ ಮಾತನಾಡು, ಮಾತನಾಡಿಸು. ಅಂದರೆ ಎದುರಿಗಿದ್ದವನ ಬಾಯಿಂದ ಮಾತು ಹೊರಡುವಂತೆ ಮಾಡುವುದು. ನಮ್ಮ ಮದುವೆಗಳಲ್ಲಿ ಊಟದಲ್ಲಿ ಉಪ್ಪು ಹೆಚ್ಚಾದರೆ ಜನ ಕ್ಷಮಿಸುತ್ತಾರೆ. ‘ನಮ್ಮನ್ನ ಒಬ್ಬರೂ ಮಾತಾಡಿಸಲಿಲ್ಲ’ ಎಂಬ ದೂರು ಮಾತ್ರ ಮೂರು ತಲೆಮಾರು ನಡೆಯುತ್ತದೆ. ಬಂಧುಗಳೆ, ನಾನು ಯಾವ ಮದುವೆಯನ್ನು ಕುರಿತು ಹೇಳುತ್ತಿದ್ದೇನೆಂದು ಊಹಿಸುವ ಶ್ರಮ ಬೇಡ!

ಈ ‘ಶರಣು’ ಎಂಬ ಮಾತಿಗೆ ನಮ್ಮ ನೆಲದಲ್ಲಿ ಎಷ್ಟು ತೂಕವಿದೆ ಎಂಬುದಕ್ಕೆ ಹರಳಯ್ಯನವರ ಕಥೆಯೇ ಸಾಕ್ಷಿ. ಇಲ್ಲಿಂದ ಬಹಳ ದೂರವೇನೂ ಇಲ್ಲದ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಚಮ್ಮಾರರಾದ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರನ್ನು ಕಂಡು ‘ಶರಣು’ ಎಂದರಂತೆ. ಬಸವಣ್ಣನವರು ಪ್ರತಿಯಾಗಿ ‘ಶರಣು ಶರಣಾರ್ಥಿ’ ಎಂದರಂತೆ. ತಾನು ಕೊಟ್ಟದ್ದಕ್ಕಿಂತ ಹೆಚ್ಚಿನ ವಂದನೆ ಮರಳಿ ಬಂದಿತಲ್ಲ, ಆ ಸಾಲವನ್ನು ತೀರಿಸುವುದು ಹೇಗೆಂದು ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಮಾಡಿ ತಂದರೆಂದು ಪರಂಪರೆ ಹೇಳುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ನೀವು ಪಾದರಕ್ಷೆಯನ್ನು ಕುರಿತೇ ಪ್ರಶ್ನೆ ಕೇಳುತ್ತಿದ್ದಿರಿ. ನನಗೆ ಮುಖ್ಯವಾಗಿ ಕಾಣುವುದು ಕಥೆಯ ಮೊದಲ ಭಾಗ. ಯಾರು ಯಾರಿಗೆ ವಂದಿಸಬೇಕು, ಯಾರು ಎಷ್ಟು ಬಾಗಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ಸಮಾಜದಲ್ಲಿ ಮೇಲೆ ಕುಳಿತವನು ಒಂದು ಮಾತು ಹೆಚ್ಚು ಕೊಟ್ಟ. ಅದರಿಂದ ಒಂದು ವ್ಯವಸ್ಥೆಯೇ ಅಲುಗಾಡಿತು.

ಮ್ಯೂನಿಕ್ಕಿಗೆ ಹೋದ ಮೊದಲ ವಾರದಲ್ಲಿಯೇ ನನಗೆ ಆಶ್ಚರ್ಯವೊಂದು ಕಾದಿತ್ತು. ಆ ಬವೇರಿಯ ಪ್ರಾಂತದ ಜನ ಒಬ್ಬರನ್ನೊಬ್ಬರು ಕಂಡಾಗ ‘ಸರ್ವುಸ್’ ಎನ್ನುತ್ತಾರೆ. ಅದು ಲ್ಯಾಟಿನ್ ಶಬ್ದ, ದಾಸ ಎಂದು ಅರ್ಥ. ‘ನಾನು ನಿಮ್ಮ ಸೇವಕ’ ಎಂಬುದರ ಸಂಕ್ಷೇಪ. ಇಟಲಿಯವರು ಹೇಳುವ, ಈಗ ಲೋಕವೆಲ್ಲ ಬಳಸುವ ‘ಚಾವ್’ ಕೂಡ ವೆನಿಸ್ ನಗರದ ಆಡುಮಾತಿನಲ್ಲಿ ಗುಲಾಮ ಎಂಬ ಅರ್ಥದ ಶಬ್ದದಿಂದಲೇ ಬಂದದ್ದು. ನಮ್ಮ ಶರಣಾರ್ಥಿಯ ಪಕ್ಕದಲ್ಲಿ ಇವನ್ನಿಟ್ಟು ನೋಡಿರಿ, ಒಂದೇ ತಾಯಿಯ ಮಕ್ಕಳಂತೆ ತೋರುತ್ತವೆ. ಅಲ್ಲಿಯ ಇನ್ನೊಂದು ವಂದನೆ ‘ಗ್ರ್ಯೂಸ್ ಗಾಟ್’; ದೇವರು ನಿಮ್ಮನ್ನು ಹರಸಲಿ ಎಂಬ ಭಾವ. ಮಧ್ಯಾಹ್ನ ಕಚೇರಿಯ ಮೆಟ್ಟಿಲಲ್ಲಿ ಎದುರಾದವರು ‘ಮಾಲ್‌ಟ್ಸೈಟ್’ ಎನ್ನುತ್ತಾರೆಂದು ಮಗಳು ಹೇಳಿದಳು. ಹಾಗೆಂದರೆ ಏನೆಂದು ಕೇಳಿದರೆ ಊಟದ ಹೊತ್ತು ಎಂದು ಅರ್ಥವಂತೆ! ನಮ್ಮ ‘ಊಟ ಆತೇನ್ರಿ’ಯ ಜರ್ಮನ್ ಬೀಗ. ಹೊರಡುವಾಗ ‘ಔಫ್ ವೀಡರ್‌ಜೆಹೆನ್’, ಮತ್ತೆ ಕಾಣೋಣ. ಅದು ನಮ್ಮ ‘ಬರ್ತೀನ್ರಿ’. ಸಾವಿರಾರು ಮೈಲಿ ದೂರದಲ್ಲಿ, ಬೇರೆ ಚಳಿಯಲ್ಲಿ, ಬೇರೆ ಅನ್ನ ಉಂಡು ಬೆಳೆದ ಜನರೂ ವಂದನೆಗೆ ಆರಿಸಿಕೊಂಡದ್ದು ನಾವು ಆರಿಸಿಕೊಂಡ ವಿಷಯಗಳನ್ನೇ. ದೇವರು, ಊಟ, ವಿನಯ, ಮತ್ತೆ ಕಾಣುವ ಆಸೆ.

ಹಾಗಿದ್ದರೆ ನಮ್ಮವರು ಅಲ್ಲಿ ಒಂಟಿಯಾಗುವುದೇಕೆ? ಹೊರದೇಶದಲ್ಲಿ ಹತ್ತು ವರ್ಷಗಳಿಂದ ಇರುವ ನನ್ನ ವಿದ್ಯಾರ್ಥಿಯೊಬ್ಬ ಹಿಂದೆ ನನಗೆ ಬರೆದಿದ್ದ. ‘ಸರ್, ಇಲ್ಲಿ ಎಲ್ಲರೂ ನನ್ನನ್ನು ನೋಡುತ್ತಾರೆ, ಯಾರೂ ಮಾತಾಡಿಸುವುದಿಲ್ಲ.’ ಆ ಒಂದು ವಾಕ್ಯ ನನ್ನನ್ನು ಬಹಳ ದಿನ ಕಾಡಿತ್ತು. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಅಲ್ಲಿಯ ರೈಲಿನಲ್ಲಿ ಕುಳಿತಾಗ. ನಾನು ಧೋತರ ಉಟ್ಟು, ಶ್ರೀಮತಿ ಇಳಕಲ್ ಸೀರೆ ಉಟ್ಟು ಕುಳಿತರೆ ಎದುರಿನವರ ಕಣ್ಣು ಒಮ್ಮೆ ನಮ್ಮ ಮೇಲೆ ಬಂದು, ತಕ್ಷಣ ಕಿಟಕಿಯ ಕಡೆಗೆ ಹೋಗುತ್ತಿತ್ತು. ಆ ನೋಟದಲ್ಲಿ ದ್ವೇಷವಿರಲಿಲ್ಲ. ದಿಟ್ಟಿಸಿ ನೋಡುವುದು ಅಸಭ್ಯವೆಂದು ಅವರು ಕಣ್ಣು ತೆಗೆಯುತ್ತಿದ್ದರು. ಆದರೆ ಕಣ್ಣು ತೆಗೆದ ಮೇಲೆ ಅಲ್ಲಿ ಏನೂ ಉಳಿಯುತ್ತಿರಲಿಲ್ಲ. ನಮ್ಮೂರಲ್ಲಿಯೂ ಕೋಟೆ ನೋಡಲು ಬಂದ ಬಿಳಿಯರನ್ನು ನಮ್ಮ ಜನ ದಿಟ್ಟಿಸಿ ನೋಡುತ್ತಾರೆ, ಹುಡುಗರು ಹಿಂದೆ ಹಿಂದೆ ಹೋಗುತ್ತಾರೆ. ನೋಡಿಸಿಕೊಳ್ಳುವುದು ಎರಡೂ ಕಡೆ ಇದ್ದದ್ದೇ.

ಇದಕ್ಕೆ ಒಂದು ಕಾರಣವನ್ನು ನಾನು ಕಂಡುಕೊಂಡೆ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮಲ್ಲಿ ಮನೆಗೆ ಯಾರಾದರೂ ಬಂದರೆ ಮೊದಲು ಮಾತನಾಡಬೇಕಾದವರು ಮನೆಯವರು. ‘ಬರ್ರಿ ಬರ್ರಿ, ಕೂಡ್ರಿ’ ಎಂದು ಅವರು ಕರೆಯಬೇಕು. ಓಣಿಗೆ ಹೊಸ ಸಂಸಾರ ಬಂದರೆ ಅಕ್ಕಪಕ್ಕದವರೇ ಹೋಗಿ ‘ನೀರು ಬೇಕೇನ್ರಿ, ಛಾ ಕಳಿಸಲೇನ್ರಿ’ ಎಂದು ವಿಚಾರಿಸಬೇಕು. ಬಂದವನು ತಾನೇ ಮುಂದಾಗಿ ಮನೆಮನೆಗೆ ಹೋಗಿ ಪರಿಚಯ ಹೇಳಿಕೊಂಡರೆ ‘ಯಾಕ ಬಂದಾನ’ ಎಂದು ನಾವು ಅನುಮಾನಿಸುತ್ತೇವೆ. ಜರ್ಮನಿಯಲ್ಲಿ ಕ್ರಮ ತಿರುವುಮುರುವು. ಹೊಸದಾಗಿ ಬಂದವನೇ ನೆರೆಯವರ ಬಾಗಿಲ ಗಂಟೆ ಬಾರಿಸಿ, ನಾನು ಇಂಥವನು, ಮೇಲಿನ ಮನೆಗೆ ಬಂದಿದ್ದೇನೆ ಎಂದು ಹೇಳುವುದು ಅಲ್ಲಿಯ ಮರ್ಯಾದೆ. ವೈದ್ಯರ ಬಳಿ ಕಾಯುವ ಕೋಣೆಗೆ ಹೋದರೂ ಒಳಗೆ ಬಂದವನೇ ಎಲ್ಲರನ್ನೂ ಉದ್ದೇಶಿಸಿ ‘ಗ್ರ್ಯೂಸ್ ಗಾಟ್’ ಎನ್ನಬೇಕು. ಕುಳಿತವರು ಮೆಲುದನಿಯಲ್ಲಿ ಮರಳಿ ಹೇಳುತ್ತಾರೆ. ಅವನು ಸುಮ್ಮನೆ ಬಂದು ಕುಳಿತರೆ ಗರ್ವಿಷ್ಠ ಎಂದುಕೊಳ್ಳುತ್ತಾರೆ.

ಈಗ ಯೋಚಿಸಿರಿ. ನಮ್ಮ ಕಲಬುರಗಿಯ ಹುಡುಗಿ ಆ ಊರಿಗೆ ಹೋಗಿ ಮನೆ ಹಿಡಿದಳು. ನೆರೆಯವರು ಬಂದು ಮಾತಾಡಿಸಲಿ ಎಂದು ಅವಳು ಕಾದಳು. ಅವಳೇ ಬಂದು ಗಂಟೆ ಬಾರಿಸಲಿ ಎಂದು ನೆರೆಯವರು ಕಾದರು. ಆರು ತಿಂಗಳು ಕಳೆದವು. ‘ಇವರು ನಮ್ಮನ್ನು ಮನುಷ್ಯರೆಂದೇ ಎಣಿಸುವುದಿಲ್ಲ’ ಎಂದು ಅವಳು, ‘ಇವರು ನಮ್ಮೊಡನೆ ಬೆರೆಯಲು ಇಷ್ಟಪಡುವುದಿಲ್ಲ’ ಎಂದು ಅವರು. ಇದು ನನ್ನ ಮಗಳ ಮನೆಯ ಮೊದಲ ವರ್ಷದ ಕಥೆ. ಕಡೆಗೆ ಕೆಳಗಿನ ಮನೆಯ ವೃದ್ಧೆಗೆ ಬಂದ ಪಾರ್ಸಲ್ಲನ್ನು ಮಗಳು ಇಸಿದುಕೊಂಡು, ಸಂಜೆ ಅದನ್ನು ಕೊಡಲು ಹೋದಾಗ ಮಾತು ಆರಂಭವಾಯಿತಂತೆ. ನಾವು ಹೋಗುವ ಹೊತ್ತಿಗೆ ಆಕೆ ಶೇಂಗಾ ಹೋಳಿಗೆಯ ರುಚಿ ಕಂಡವಳಾಗಿದ್ದಳು, ನಮ್ಮನ್ನು ನೋಡಿ ‘ನಮಸ್ಕಾರ’ ಎಂದು ಕೈ ಮುಗಿದಳು. ಎರಡು ಸೌಜನ್ಯಗಳು ಎದುರುಬದುರು ನಿಂತು, ನೀವು ಮೊದಲು ಎನ್ನುತ್ತ ಇಬ್ಬರನ್ನೂ ಮೂಕರನ್ನಾಗಿ ಮಾಡಿದ್ದವು ಅಷ್ಟೆ.

ಎಲ್ಲ ಒಂಟಿತನವೂ ಹೀಗೆ ಪಾರ್ಸಲ್ಲಿನಿಂದ ಕರಗುವಂತಿದ್ದರೆ ನಾನು ಈ ಬರಹವನ್ನು ಇಲ್ಲಿಗೇ ಮುಗಿಸಬಹುದಿತ್ತು. ಹಾಗಾಗುವುದಿಲ್ಲ. ಮಾತು ಆರಂಭವಾದ ಮೇಲೆ ಬರುವ ಮೊದಲ ಪ್ರಶ್ನೆಯೇ ಹೊಸ ತೊಡಕು. ‘ನೀವು ಎಲ್ಲಿಯವರು?’

ನಾವು ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರನ್ನು ‘ಯಾ ಊರ್ರಿ ನಿಮ್ದು?’ ಎನ್ನುತ್ತೇವೆ. ಆತ ‘ಕಮಲಾಪುರ’ ಎಂದನೆನ್ನಿ. ‘ಓಹೋ, ಕೆಂಪು ಬಾಳೆಹಣ್ಣಿನ ಊರು! ಅಲ್ಲಿ ನಮ್ಮ ಬೀಗರದಾರ’ ಎನ್ನುತ್ತೇವೆ. ಆತನಿಗೂ ಅವರು ಗೊತ್ತಿರುತ್ತಾರೆ, ಗೊತ್ತಿಲ್ಲದಿದ್ದರೆ ಅವರ ಓಣಿಯವರು ಗೊತ್ತಿರುತ್ತಾರೆ. ಹುಮನಾಬಾದ್ ಬರುವುದರೊಳಗೆ ಇಬ್ಬರೂ ದೂರದ ಸಂಬಂಧಿಕರಾಗಿರುತ್ತಾರೆ. ಇಲ್ಲಿ ‘ಯಾವ ಊರು’ ಎಂಬುದು ದಾರ, ಅದನ್ನು ಹಿಡಿದು ಎಳೆದರೆ ನಂಟು ಬರುತ್ತದೆ. ಆದರೆ ಚರ್ಮದ ಬಣ್ಣ ಬೇರೆಯಾದವನಿಗೆ, ಮೂಗುಕಣ್ಣುಗಳ ರೂಪ ಬೇರೆಯಾದವನಿಗೆ ಅದೇ ಪ್ರಶ್ನೆಯನ್ನು ಕೇಳಿದಾಗ ಎಳೆಯಲು ಯಾವ ನಂಟೂ ಇರುವುದಿಲ್ಲ. ‘ನೀನು ಇಲ್ಲಿಯವನಲ್ಲ ಎಂಬುದು ನನಗೆ ಕಂಡಿದೆ’ ಎಂಬುದಷ್ಟೇ ಅವನ ಕಿವಿಗೆ ಬೀಳುತ್ತದೆ.

ನನ್ನ ಮೊಮ್ಮಗ ಏಳು ವರ್ಷದವನು, ಮ್ಯೂನಿಕ್ಕಿನ ಪಾಸಿಂಗ್ ಬಡಾವಣೆಯಲ್ಲಿ ಬೆಳೆಯುತ್ತಿರುವವನು. ಒಂದು ಸಂಜೆ ಆಟದ ಬಯಲಿನಲ್ಲಿ ಹಿರಿಯರೊಬ್ಬರು ಅವನನ್ನು ‘ಎಲ್ಲಿಯವನಪ್ಪಾ ನೀನು’ ಎಂದು ಪ್ರೀತಿಯಿಂದಲೇ ಕೇಳಿದರು. ‘ಪಾಸಿಂಗ್’ ಎಂದ. ಅವರು ನಕ್ಕು, ‘ಅದಲ್ಲ, ನಿಜವಾಗಿ ಎಲ್ಲಿಯವನು?’ ಎಂದರು. ಹುಡುಗ ಮತ್ತೆ ‘ಪಾಸಿಂಗ್’ ಎಂದ. ಅವರು ಮತ್ತೊಮ್ಮೆ ನಕ್ಕರು. ರಾತ್ರಿ ಮಲಗುವ ಹೊತ್ತಿಗೆ ಹುಡುಗ ನನ್ನ ಪಕ್ಕಕ್ಕೆ ಬಂದು ‘ಮುತ್ಯಾ, ನಾ ಯಾ ಊರವ?’ ಎಂದು ಕೇಳಿದ. ಆ ಹಿರಿಯರಲ್ಲಿ ಕೆಡುಕಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೂ ಮಗುವಿನ ಊರನ್ನು ಅವರು ಎರಡು ಸಲ ತಳ್ಳಿಹಾಕಿದ್ದರು. ‘ಮೂರನೆಯ ಸಲ ಕೇಳಿದರೂ ಪಾಸಿಂಗ್ ಅಂತನೇ ಹೇಳು, ಕೇಳುವವರೇ ದಣಿಯುತ್ತಾರೆ’ ಎಂದು ನಾನು ಅವನಿಗೆ ಹೇಳಿದೆ.

ಹೀಗೆ ಬರೆದರೆ ಆ ದೇಶದವರನ್ನು ದೂರುತ್ತಿದ್ದೇನೆಂದು ಭಾವಿಸಬೇಡಿರಿ. ಎರಡು ವರ್ಷಗಳ ಹಿಂದೆ ಇದೇ ಹುಡುಗ ನಮ್ಮ ಬಂಧುಗಳೊಬ್ಬರ ಮದುವೆಗೆ ಕಲಬುರಗಿಗೆ ಬಂದಿದ್ದ. ಅಲ್ಲಿ ಅವನು ‘ಫಾರಿನ್ ಹುಡುಗ’. ‘ಕನ್ನಡ ಬರ್ತದೇನು? ಏನಾದರೂ ಮಾತಾಡಿ ತೋರಿಸು’ ಎಂದು ಗಿಳಿಯನ್ನು ಕೇಳಿದಂತೆ ಕೇಳಿದೆವು. ಅವನು ಮಾತನಾಡಿದಾಗ ಚಪ್ಪಾಳೆ ತಟ್ಟಿ ನಕ್ಕೆವು. ‘ಊಟ ಆತೇನಪ್ಪಾ’ ಎಂದು ಓಣಿಯ ಉಳಿದ ಹುಡುಗರನ್ನು ಕೇಳುವ ಹಾಗೆ ಅವನನ್ನು ಕೇಳಿದವರು ಎಷ್ಟು ಜನ? ಅಲ್ಲಿಯೂ ಪ್ರಶ್ನೆ, ಇಲ್ಲಿಯೂ ಪ್ರಶ್ನೆ. ಅಲ್ಲಿಯೂ ನೋಟ, ಇಲ್ಲಿಯೂ ನೋಟ. ಪರದೇಶಿ ಎಂಬ ಶಬ್ದದ ಎರಡೂ ಅರ್ಥಗಳು ಒಂದು ಮಗುವಿನ ಮೇಲೆ ಬೀಳುವುದು ಹೀಗೆ.

ಇದು ಇಂದು ನಿನ್ನೆಯ ರೋಗವಲ್ಲ. ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ 15ನೆಯ ಶತಮಾನದ ಉತ್ತರಾರ್ಧದಲ್ಲಿ ಕೊಂಕಣದ ಚೌಲ್ ಬಂದರಿಗೆ ಬಂದಿಳಿದು, ಬಹಮನಿಗಳ ರಾಜಧಾನಿ ಬೀದರಿನಲ್ಲಿ ಕೆಲಕಾಲ ಇದ್ದ. ನಮ್ಮ ಕಲಬುರಗಿಯ ಹೆಸರೂ ಅವನ ಬರಹದಲ್ಲಿ ಬರುತ್ತದೆ. ತಾನು ಎಲ್ಲಿಗೆ ಹೋದರೂ ಬಿಳಿಯ ಮನುಷ್ಯನನ್ನು ನೋಡಿ ಬೆರಗಾಗಿ ಜನ ಹಿಂಬಾಲಿಸುತ್ತಿದ್ದರೆಂದು ಅವನು ಬರೆದಿಟ್ಟಿದ್ದಾನೆ. ಅವನು ‘ಖ್ವಾಜಾ ಯೂಸುಫ್ ಖುರಾಸಾನಿ’ ಎಂಬ ಹೆಸರನ್ನೂ ಇಟ್ಟುಕೊಂಡಿದ್ದ. ಅದೇ ಕಾಲಕ್ಕೆ ಬೀದರಿನಲ್ಲಿ ಮಂತ್ರಿಯಾಗಿದ್ದ ಮಹಮೂದ್ ಗವಾನ್ ಇರಾನಿನ ಗೀಲಾನ್ ಪ್ರಾಂತದವನು. ಅವನು 1472ರಲ್ಲಿ ಕಟ್ಟಿಸಿದ ಮದರಸಾದ ಮುಂದೆ ಶಾಲಾ ಪ್ರವಾಸದಲ್ಲಿ ನೀವೆಲ್ಲ ನಿಂತು ಫೋಟೋ ತೆಗೆಸಿಕೊಂಡಿದ್ದೀರಿ. ಸುಮಾರು ಮೂರು ದಶಕ ಈ ನೆಲಕ್ಕೆ ದುಡಿದರೂ ಆಸ್ಥಾನದ ಒಂದು ಪಕ್ಷದವರಿಗೆ ಅವನು ಹೊರಗಿನವನಾಗಿಯೇ ಉಳಿದ. ಕಡೆಗೆ 1481ರಲ್ಲಿ ಅವನ ಹೆಸರಿನಲ್ಲಿ ಸೃಷ್ಟಿಸಿದ ಸುಳ್ಳು ಪತ್ರವೊಂದರ ಆಧಾರದ ಮೇಲೆ ಸುಲ್ತಾನನೇ ಅವನನ್ನು ಕೊಲ್ಲಿಸಿದ. ದಖನಿ ಮತ್ತು ಪರದೇಶಿ ಎಂಬ ಆ ಎರಡು ಪಕ್ಷಗಳ ಹಗೆಯೇ ಬಹಮನಿ ರಾಜ್ಯ ಒಡೆದುಹೋಗಲು ದೊಡ್ಡ ಕಾರಣಗಳಲ್ಲಿ ಒಂದೆಂದು ಇತಿಹಾಸಕಾರರು ಹೇಳುತ್ತಾರೆ.

ಹಾಗೆಂದು ನಮ್ಮವರಿಗೆ ಹೊರಗಿನವರನ್ನು ಒಳಗೆ ಕರೆದುಕೊಳ್ಳುವ ವಿದ್ಯೆ ಗೊತ್ತಿಲ್ಲವೆಂದಲ್ಲ. 1841ರಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ಜನ ‘ಮಹಾದೇವ ಬಾಬಾ’ ಎಂದರು. ಬಾಲಕ ಅರಸ ವೆಂಕಟಪ್ಪನಾಯಕ ‘ಅಪ್ಪಾ’ ಎಂದ. ಅಪ್ಪ, ಅಣ್ಣ, ಅಕ್ಕ, ಕಾಕಾ, ಮಾಮಾ ಎಂದು ಕರೆದು ಹೊರಗಿನವನನ್ನು ಒಂದು ಕ್ಷಣದಲ್ಲಿ ಮನೆಯವನನ್ನಾಗಿ ಮಾಡುವುದು ನಮ್ಮ ಭಾಷೆಗಳಿಗೆ ಇರುವ ದೊಡ್ಡ ಶಕ್ತಿ. ಆದರೆ ಗಮನಿಸಿರಿ, ಟೇಲರನ ಕೈಯಲ್ಲಿ ಅಧಿಕಾರವಿತ್ತು. ಅಧಿಕಾರವಿಲ್ಲದೆ ಬಂದವರಿಗೆ ನಾವು ಏನು ಕೊಟ್ಟೆವು?

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗಗಳಲ್ಲಿರುವ ಸಿದ್ದಿ ಜನರ ಪೂರ್ವಜರನ್ನು ಪೋರ್ಚುಗೀಸರು ಆಫ್ರಿಕದಿಂದ ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಶತಮಾನಗಳಿಂದ ಅವರು ಈ ನೆಲದವರು. ಅವರಾಡುವುದು ಕನ್ನಡ, ಕೊಂಕಣಿ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಆ ಸಮುದಾಯದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇಷ್ಟಾದರೂ ಸಿದ್ದಿ ಹುಡುಗನೊಬ್ಬ ನಗರದ ಬಸ್ಸು ಹತ್ತಿದರೆ ‘ಯಾವ ದೇಶ’ ಎಂಬ ಪ್ರಶ್ನೆ ತಪ್ಪಿದ್ದಲ್ಲ. 2012ರ ಆಗಸ್ಟ್ ತಿಂಗಳಲ್ಲಿ ಮೊಬೈಲ್ ಸಂದೇಶಗಳ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದ್ದು ನಿಮಗೆ ನೆನಪಿರಬಹುದು. ಸುದ್ದಿ ಸುಳ್ಳಾಗಿತ್ತು. ಅವರು ಅದನ್ನು ನಂಬಿದ್ದೇಕೆ ಎಂದು ನಾನು ಅಂದಿನಿಂದಲೂ ಕೇಳಿಕೊಳ್ಳುತ್ತಿದ್ದೇನೆ. ‘ಹೋಗಬ್ಯಾಡ್ರಿ, ನಾವಿದ್ದೇವೆ’ ಎಂದು ಹೇಳುವ ನೆರೆಯವನೊಬ್ಬನನ್ನು ಪ್ರತಿಯೊಬ್ಬರೂ ಹೆಸರು ಹಿಡಿದು ಬಲ್ಲವರಾಗಿದ್ದರೆ ಅಷ್ಟು ಜನ ಹೋಗುತ್ತಿದ್ದರೇ? ವರ್ಷಗಟ್ಟಲೆ ಒಂದೇ ಬೀದಿಯಲ್ಲಿದ್ದು ಒಂದು ನಮಸ್ಕಾರವೂ ನಡೆಯದಿದ್ದರೆ, ಅಂಥ ಮೌನದಲ್ಲಿ ಗಾಳಿಸುದ್ದಿ ಸುಲಭವಾಗಿ ಬೇರು ಬಿಡುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. 2015ರ ಸೆಪ್ಟೆಂಬರ್ ಆರಂಭದಲ್ಲಿ ಸಿರಿಯಾ ಮೊದಲಾದ ದೇಶಗಳಿಂದ ಯುದ್ಧಕ್ಕೆ ಹೆದರಿ ಬಂದ ಸಾವಿರಾರು ಜನ ರೈಲಿನಿಂದ ಇಳಿದದ್ದು ಇದೇ ಮ್ಯೂನಿಕ್ಕಿನ ಮುಖ್ಯ ನಿಲ್ದಾಣದಲ್ಲಿ. ಊರಿನ ಜನ ನೀರು, ಆಹಾರ, ಮಕ್ಕಳಿಗೆ ಆಟಿಕೆಗಳನ್ನು ಹಿಡಿದು ನಿಂತು, ಚಪ್ಪಾಳೆ ತಟ್ಟಿ ಅವರನ್ನು ಬರಮಾಡಿಕೊಂಡರು. ಒಳಗೆ ಬಂದವನೇ ಮೊದಲು ವಂದಿಸಬೇಕೆಂಬ ನಿಯಮವಿದ್ದ ಊರು ಅಂದು ತಾನೇ ಮೊದಲು ವಂದಿಸಿತು. ಆಮೇಲೆ ಆ ದೇಶದ ರಾಜಕಾರಣದಲ್ಲಿ ಏನೆಲ್ಲ ವಾದವಿವಾದಗಳು ನಡೆದವು, ಗಾಳಿ ಯಾವ ಕಡೆ ತಿರುಗಿತು ಎಂಬುದು ಬೇರೆ ಮಾತು. ಅಂದು ಆ ನಿಲ್ದಾಣದಲ್ಲಿ ಇಳಿದ ಮಗು ಎಷ್ಟೇ ದೊಡ್ಡದಾದರೂ ಆ ಊರು ತನ್ನನ್ನು ಹೇಗೆ ಕರೆಯಿತೆಂಬುದನ್ನು ಮರೆಯಲಾರದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಯಾವ ನೆಲದಲ್ಲಿ ಯಾರ ಕಾಲು ಗಟ್ಟಿಯಾಗಿ ಊರಿದೆಯೋ ಅವರೇ ಮೊದಲು ಮಾತನಾಡಿಸಬೇಕು. ವಂದನೆ ಮೊದಲು, ಕುತೂಹಲ ಆಮೇಲೆ. ವಂದನೆಯೇ ಇಲ್ಲದೆ ಬಂದ ಕುತೂಹಲ ತನಿಖೆಯಂತೆ ಕೇಳಿಸುತ್ತದೆ.

‘ಸರ್, ಬರೀ ಬಾಯಿಮಾತಿನಿಂದ ಏನಾದೀತು? ಕೆಲಸ, ಮನೆ, ಕಾನೂನು ಇವು ಮುಖ್ಯವಲ್ಲವೇ?’ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಖಂಡಿತ ಮುಖ್ಯ. ಕಾನೂನು ಪೌರತ್ವವನ್ನು ಕೊಡುತ್ತದೆ, ಬೇಡವೆನ್ನುವುದಿಲ್ಲ. ಆದರೆ ಕಾಗದದ ಮೇಲೆ ಎಲ್ಲವೂ ಸರಿಯಿದ್ದವನೂ ಸಂಜೆ ಮನೆಗೆ ನಡೆದು ಬರುವಾಗ ದಾರಿಯಲ್ಲಿ ಒಬ್ಬರಾದರೂ ಹೆಸರು ಹಿಡಿದು ಕರೆದರೆ ಮಾತ್ರ ಅದನ್ನು ತನ್ನ ಊರೆಂದುಕೊಳ್ಳುತ್ತಾನೆ. ‘ಅರ್ಥವಿಲ್ಲದ ಉಪಚಾರದ ಮಾತು’ ಎಂದು ವಂದನೆಯನ್ನು ಹಗುರಾಗಿ ಕಾಣುವವರು ಒಂದು ವಾರ ಯಾರೂ ತಮ್ಮನ್ನು ಮಾತಾಡಿಸದ ಊರಿನಲ್ಲಿದ್ದು ಬರಲಿ. ಅರ್ಥವಿಲ್ಲದ ಆ ಮಾತಿನ ಅರ್ಥ ಆಗ ತಿಳಿಯುತ್ತದೆ.

ಹೊರದೇಶದಲ್ಲಿರುವ ವಿದ್ಯಾರ್ಥಿಗಳೆ, ನಿಮ್ಮ ಪಾಲಿನ ಕೆಲಸವೂ ಇದೆ. ಅಲ್ಲಿಯ ನಿಯಮ ತಿಳಿಯಿರಿ. ಬಂದವನೇ ಮೊದಲು ಎನ್ನುವ ಊರಾ​ದರೆ ಸಂಕೋಚಪಡದೆ ನೀವೇ ಗಂಟೆ ಬಾರಿಸಿರಿ. ಅವರ ವಂದನೆಯನ್ನು ಅವರ ಮಾತಿನಲ್ಲಿಯೇ ಹೇಳಿರಿ. ಬ್ರಹ್ಮಪುರದ ಓಣಿ ನಿಮಗೆ ಕಲಿಸಿದ್ದು ಅದನ್ನೇ ಅಲ್ಲವೇ? ನೀವು ಹಳಬರಾದ ಮೇಲೆ ನಿಮ್ಮ ಬೀದಿಗೆ ಬರುವ ಹೊಸಬ ಅಫಘಾನಿಯಿರಲಿ, ಆಫ್ರಿಕದವನಿರಲಿ, ಅವನನ್ನು ಮೊದಲು ಮಾತನಾಡಿಸುವ ಹೊಣೆ ನಿಮ್ಮದಾಗುತ್ತದೆ. ಕನ್ನಡ ಕೂಟದಲ್ಲಿ ಹಬ್ಬದ ದಿನ ಹೋಳಿಗೆ ಉಣ್ಣುವುದು ಸಂತೋಷದ ವಿಷಯ. ಅದರ ಜೊತೆಗೆ ಇದೂ ನಡೆಯಲಿ.

ಇಲ್ಲಿರುವ ಬಂಧುಗಳೆ, ನಮ್ಮ ಜಿಲ್ಲೆಯಿಂದ ವರ್ಷ ವರ್ಷವೂ ಎಷ್ಟು ಜನ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತಾರೆಂಬುದು ನಿಮಗೆ ಗೊತ್ತು. ನಮ್ಮ ತಾಂಡಾದ ಹೆಣ್ಣುಮಕ್ಕಳು ಅಲ್ಲಿ ಕಟ್ಟಡದ ಕೆಲಸಕ್ಕೆ ನಿಂತಾಗ ಅವರನ್ನು ಯಾರಾದರೂ ‘ಅಕ್ಕಾ’ ಎಂದು ಕರೆಯಲಿ ಎಂಬುದೇ ನಮ್ಮ ಆಸೆಯಲ್ಲವೇ? ಹಾಗಿದ್ದರೆ ನಮ್ಮೂರಿಗೆ ಬಂದು ಗಾರೆ ಕೆಲಸ ಮಾಡುವ, ಹೋಟೆಲಿನಲ್ಲಿ ತಟ್ಟೆ ಎತ್ತುವ ಹೊರರಾಜ್ಯದ ಹುಡುಗರಿಗೂ ಅದೇ ಸಲ್ಲಬೇಕು. ಎಲ್ಲ ನಮಸ್ಕಾರಗಳಿಗೂ ಅದರದೇ ಮಾತಿನಲ್ಲಿ ಉತ್ತರಿಸಬಲ್ಲ ಊರು ನಮ್ಮದು. ನಾವಾಗಿಯೇ ಮೊದಲು ಹೇಳುವುದೊಂದು ಬಾಕಿ ಇದೆ.

ಮೇಷ್ಟ್ರಾಗಿದ್ದವನಿಗೆ ಮನೆಪಾಠ ಕೊಡದೆ ತರಗತಿ ಬಿಡುವುದು ಸಾಧ್ಯವಿಲ್ಲ. ಈ ವಾರ ನೀವು ಎಲ್ಲಿಯೇ ಇರಿ, ದಿನಾ ನೋಡುವ, ಇನ್ನೂ ಮಾತನಾಡಿಸದ ಒಬ್ಬ ಹೊಸಬನನ್ನು ಆರಿಸಿಕೊಳ್ಳಿರಿ. ಊರು ಕೇಳಬೇಡಿರಿ, ಜಾತಿ ಕೇಳಬೇಡಿರಿ, ಬಂದ ಕಾರಣ ಕೇಳಬೇಡಿರಿ. ‘ಊಟ ಆತೇನ್ರಿ?’ ಎನ್ನಿರಿ. ಏನು ಉತ್ತರ ಬಂದಿತೆಂದು ನನಗೆ ಬರೆದು ತಿಳಿಸಿರಿ. ಎಂದಿನಂತೆ ತಡವಾಗಿ ಒಪ್ಪಿಸುವವರ ಉತ್ತರವನ್ನೂ ನೋಡಲಾಗುವುದು.

ಶರಣು ಶರಣಾರ್ಥಿ.